ಮರಳುಗಲ್ಲಿನ ಸೀಳುಕಣಿವೆಗಳು: ಸೇರುವ ದಾರಿ, ಇಳಿಯುವ ಹಗ್ಗ

ಮರುಭೂಮಿಯಲ್ಲಿ ದಾಹದಿಂದ ಸತ್ತವರ ಕಥೆಗಳನ್ನು ನಾವೆಲ್ಲರೂ ಕೇಳಿದ್ದೇವೆ. ಅಲ್ಲಿ ನೀರಿನಲ್ಲಿ ಮುಳುಗಿ ಸತ್ತವರೂ ಉಂಟೆಂದರೆ ವಾಚಕರಿಗೆ ವಿಚಿತ್ರವೆನಿಸಬಹುದು. ಆದರೂ 1997ನೆಯ ಇಸವಿಯ ಆಗಸ್ಟ್ 12ರಂದು, ಅಮೆರಿಕ ಸಂಯುಕ್ತ ಸಂಸ್ಥಾನದ ಅರಿಜೋನಾ ಪ್ರಾಂತದಲ್ಲಿ, ನವಾಹೋ ಜನಾಂಗದವರ ಸೀಮೆಗೆ ಸೇರಿದ ಆಂಟಿಲೋಪ್ ಕಣಿವೆಯಲ್ಲಿ ಹನ್ನೊಂದು ಮಂದಿ ಪ್ರವಾಸಿಗಳು ಹೀಗೆಯೇ ಪ್ರಾಣ ಬಿಟ್ಟರು. ಅವರು ನಿಂತಿದ್ದ ಎಡೆಯಲ್ಲಿ ಬಿದ್ದ ಮಳೆ ತೀರ ಅತ್ಯಲ್ಪ. ಮಳೆ ಸುರಿದುದು ಹಲವು ಮೈಲಿ ಆಚೆ, ಕಣಿವೆಯ ತಲೆಗಟ್ಟಿನಲ್ಲಿ. ಅಲ್ಲಿಂದ ಹರಿದುಬಂದ ನೀರು ಗೋಡೆಗಳ ನಡುವೆ ಏರಿ, ಅವರನ್ನು ಕೊಚ್ಚಿಕೊಂಡು ಹೋಯಿತು. ಜೊತೆಯಲ್ಲಿದ್ದ ಮಾರ್ಗದರ್ಶಿಯೊಬ್ಬನು ಮಾತ್ರ ಬದುಕಿ ಉಳಿದನು. ಆ ಕಣಿವೆಯ ಮೇಲ್ಭಾಗಕ್ಕೆ ನವಾಹೋ ಭಾಷೆಯಲ್ಲಿರುವ ಹೆಸರಿನ ಅರ್ಥ ‘ಕಲ್ಲಿನ ನಡುವೆ ನೀರು ಹರಿಯುವ ಸ್ಥಳ’ ಎಂದು. ಹೆಸರಿಟ್ಟವರು ವಿಷಯವನ್ನು ಚೆನ್ನಾಗಿಯೇ ಬಲ್ಲವರಾಗಿದ್ದರು.

ಇಂತಹ ಕಣಿವೆಗಳಿಗೆ ಇಂಗ್ಲಿಷಿನಲ್ಲಿ ಸ್ಲಾಟ್ ಕ್ಯಾನಿಯನ್ ಎನ್ನುತ್ತಾರೆ. ನಾವು ಸೀಳುಕಣಿವೆ ಎನ್ನೋಣ. ಅಗಲಕ್ಕಿಂತ ಆಳವು ಹತ್ತಾರು ಪಾಲು ಹೆಚ್ಚಾಗಿರುವುದೇ ಇವುಗಳ ಲಕ್ಷಣ. ಕೆಲವೆಡೆ ಎರಡು ಕೈಗಳನ್ನು ಚಾಚಿದರೆ ಎರಡೂ ಗೋಡೆಗಳು ತಾಕುತ್ತವೆ. ಕೆಲವೆಡೆ ಮೈಯನ್ನು ಅಡ್ಡ ತಿರುಗಿಸಿ ನುಸುಳಬೇಕಾಗುತ್ತದೆ. ತಲೆಯೆತ್ತಿ ನೋಡಿದರೆ ಆಕಾಶವು ಒಂದು ನೀಲಿಯ ದಾರದಂತೆ ಕಾಣುತ್ತದೆ. ಇವುಗಳ ತಲೆಗಟ್ಟನ್ನು ಸೇರಿ, ಕಡಿದಾದ ಎಡೆಗಳಲ್ಲಿ ಹಗ್ಗ ಹಿಡಿದು ಇಳಿಯುತ್ತ, ಕೊನೆಗೆ ಬುಡದಲ್ಲಿ ಹೊರಬೀಳುವುದು ಈಗ ಒಂದು ಸಾಹಸಕ್ರೀಡೆಯಾಗಿ ಬೆಳೆದಿದೆ. ಈ ಕ್ರೀಡೆಯ ಎರಡು ಪ್ರಶ್ನೆಗಳನ್ನು ನಾವಿಲ್ಲಿ ವಿಚಾರ ಮಾಡತಕ್ಕದ್ದು: ಕಣಿವೆಯನ್ನು ಯಾವ ದಾರಿಯಿಂದ ಸೇರಬೇಕು? ಹಗ್ಗವನ್ನು ಯಾವುದಕ್ಕೆ ಕಟ್ಟಬೇಕು? ಎರಡಕ್ಕೂ ಉತ್ತರವು ಧೈರ್ಯದಲ್ಲಿಲ್ಲ. ಭೂಶಾಸ್ತ್ರದಲ್ಲಿಯೂ, ಕಾಲೇಜಿನ ಮೊದಲ ವರ್ಷದ ಬಲವಿಜ್ಞಾನದಲ್ಲಿಯೂ ಇದೆ.

ಕಲ್ಲಿನ ಸ್ವಭಾವ

ಸೀಳುಕಣಿವೆಗಳು ಪ್ರಪಂಚದಲ್ಲಿ ಹಲವೆಡೆ ಇವೆಯಾದರೂ, ಯೂಟಾ ಮತ್ತು ಅರಿಜೋನಾ ಪ್ರಾಂತಗಳಲ್ಲಿ ಹರಡಿರುವ ಕೊಲರಾಡೋ ಪ್ರಸ್ಥಭೂಮಿಯಲ್ಲಿರುವಷ್ಟು ದಟ್ಟವಾಗಿ ಬೇರೆಡೆ ಕಾಣುವುದು ಅಪರೂಪ. ಅಲ್ಲಿಯ ಹೆಸರಾಂತ ಕಣಿವೆಗಳು ಬಹುಮಟ್ಟಿಗೆ ನವಾಹೋ ಮರಳುಗಲ್ಲು ಎಂಬ ಒಂದೇ ಶಿಲಾಸ್ತರದಲ್ಲಿ ಕೊರೆಯಲ್ಪಟ್ಟಿವೆ. ಸುಮಾರು 18ರಿಂದ 19 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದ ಮೊದಲ ಭಾಗದಲ್ಲಿ, ಆ ಪ್ರದೇಶವೆಲ್ಲ ಮರಳುದಿಬ್ಬಗಳ ಮಹಾಸಾಗರವಾಗಿತ್ತು. ಗಾಳಿ ತಂದು ಪೇರಿಸಿದ ಆ ಮರಳು ಕಾಲಾಂತರದಲ್ಲಿ ಹೂತು, ಅದುಮಿ, ಸುಣ್ಣದ ಅಂಶದಿಂದಲೂ ಕಬ್ಬಿಣದ ಆಕ್ಸೈಡಿನಿಂದಲೂ ಅಂಟಿಕೊಂಡು ಕಲ್ಲಾಯಿತು. ಜೈಯನ್ ರಾಷ್ಟ್ರೀಯ ಉದ್ಯಾನದಲ್ಲಿ ಈ ಸ್ತರವು 600 ಮೀಟರುಗಳಷ್ಟು ದಪ್ಪವಾಗಿದೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಕಣಗಳು ಗಟ್ಟಿ, ಅಂಟು ದುರ್ಬಲ. ಮರಳಿನ ಕಣವು ಉಕ್ಕನ್ನೂ ಗೀರಬಲ್ಲ ಸ್ಫಟಿಕ; ಆದರೆ ಒಂದು ಕಣವನ್ನು ಇನ್ನೊಂದಕ್ಕೆ ಹಿಡಿದಿಟ್ಟಿರುವ ಅಂಟು ಎಷ್ಟು ಅಳ್ಳಕವೆಂದರೆ, ಅನೇಕ ಕಡೆ ಬೆರಳಿನಿಂದ ಉಜ್ಜಿದರೆ ಮರಳು ಉದುರುತ್ತದೆ. ನಮ್ಮ ಬಾದಾಮಿಯ ಕಲ್ಲೂ ಮರಳುಗಲ್ಲೇ. ಆದರೆ ಅದು ಇದಕ್ಕಿಂತ ಎಷ್ಟೋ ಪಾಲು ಹಳೆಯದು. ಬಲವಾಗಿ ಬೆಸೆದುಕೊಂಡು ಗಡುಸಾದುದು. ಕ್ರಿ. ಶ. 578ರಲ್ಲಿ ಪೂರ್ತಿಯಾದ ಅಲ್ಲಿಯ ಮೂರನೆಯ ಗುಹಾಲಯದ ಶಿಲ್ಪಗಳು ಇಂದಿಗೂ ಅಂಚು ಮಾಸದೆ ನಿಂತಿರುವುದನ್ನು ನೋಡಿದವರು, ಮರಳುಗಲ್ಲೆಂಬ ಒಂದೇ ಹೆಸರಿನಡಿಯಲ್ಲಿ ಎಂತೆಂತಹ ಕಲ್ಲುಗಳು ಅಡಗಿವೆಯೆಂಬುದನ್ನು ಊಹಿಸಬಹುದು. ಬಾದಾಮಿಯ ಬಂಡೆಯನ್ನು ಹತ್ತಿ ಅಭ್ಯಾಸವಾದವನು ಅದೇ ಭರವಸೆಯನ್ನು ಯೂಟಾದ ಬಂಡೆಯ ಮೇಲೆ ಇಡಲಾಗದು.

ನೀರು ಕೇವಲ ನೀರಾಗಿ ಕಲ್ಲನ್ನು ಕೊರೆಯುವುದಿಲ್ಲ. ವರ್ಷದಲ್ಲಿ ಕೆಲವೇ ಗಂಟೆಗಳ ಕಾಲ ನುಗ್ಗುವ ಪ್ರವಾಹವು ತನ್ನೊಡನೆ ಮರಳನ್ನೂ ಕಲ್ಲುಗುಂಡುಗಳನ್ನೂ ಒಯ್ದು, ಅವುಗಳಿಂದ ತಳವನ್ನು ಅರೆಯುತ್ತದೆ. ಬಂಡೆಯಲ್ಲಿ ಮೊದಲೇ ಇರುವ ನೆಟ್ಟನೆಯ ಬಿರುಕುಗಳು ಅದಕ್ಕೆ ದಾರಿ ತೋರಿಸುತ್ತವೆ. ಜೈಯನ್ನಿನಲ್ಲಿ ಈ ಬಿರುಕುಗಳು ಬಹುಪಾಲು ಉತ್ತರ-ವಾಯವ್ಯದತ್ತ ಒಂದಕ್ಕೊಂದು ಸಮಾಂತರವಾಗಿ ಸಾಗಿವೆ. ಆದುದರಿಂದ ಅಲ್ಲಿಯ ಸೀಳುಗಳೂ ಗೆರೆ ಎಳೆದಂತೆ ನೇರವಾಗಿ, ಅಕ್ಕಪಕ್ಕದಲ್ಲಿ ಸಾಲಾಗಿ ಬಿದ್ದಿವೆ. ಬಿರುಕುಗಳ ಹಿಡಿತವಿಲ್ಲದೆಡೆಯಲ್ಲಿ, ಉದಾಹರಣೆಗೆ ಆಂಟಿಲೋಪ್ ಕಣಿವೆಯಲ್ಲಿ, ಪ್ರವಾಹವು ಹಾವಿನಂತೆ ಹೊರಳಿ, ಗೋಡೆಗಳನ್ನು ಬಟ್ಟೆಯ ನೆರಿಗೆಗಳಂತೆ ತಿದ್ದಿದೆ. ತೇಲುವ ಕಲ್ಲುಗಳು ಒಂದೇ ಎಡೆಯಲ್ಲಿ ಸುಳಿಯಾಗಿ ತಿರುಗಿದಲ್ಲಿ ಒರಳಿನಂತಹ ಗುಂಡಿಗಳು ಕೊರೆದು ನಿಂತಿವೆ. ಈ ಒರಳುಗುಂಡಿಗಳ ವಿಷಯಕ್ಕೆ ನಾವು ಮತ್ತೆ ಬರುವೆವು.

ಸೇರುವ ದಾರಿ

ಸೀಳುಕಣಿವೆಯ ಇಳಿತದಲ್ಲಿ ಪರ್ವತಾರೋಹಣಕ್ಕಿಲ್ಲದ ಒಂದು ಕಟ್ಟುಪಾಡಿದೆ. ಬೆಟ್ಟ ಹತ್ತುವವನು ಮನಸ್ಸು ಬದಲಾಯಿಸಿದರೆ ಸಾಮಾನ್ಯವಾಗಿ ಬಂದ ದಾರಿಯಲ್ಲೇ ಹಿಂತಿರುಗಬಹುದು. ಇಲ್ಲಿ ಮೊದಲ ಇಳಿತವಾದ ಮೇಲೆ ಹಗ್ಗವನ್ನು ಕೆಳಗಿನಿಂದ ಎಳೆದುಕೊಳ್ಳಬೇಕು. ಮುಂದಿನ ಇಳಿತಕ್ಕೆ ಅದೇ ಹಗ್ಗ ಬೇಕಷ್ಟೆ. ಎಳೆದುಕೊಂಡ ಕ್ಷಣದಿಂದ ಹಿಂದಿನ ದಾರಿ ಮುಚ್ಚಿತು; ಮುಂದಿನ ದಾರಿಯೊಂದೇ ಉಳಿಯಿತು. ಆದುದರಿಂದ ಕಣಿವೆಯ ಒಳಗೆ ಮಾಡಬೇಕಾದ ಅತಿಮುಖ್ಯ ನಿರ್ಧಾರಗಳೆಲ್ಲ ವಾಸ್ತವವಾಗಿ ಕಣಿವೆಯ ಹೊರಗೆ, ಅದನ್ನು ಸೇರುವ ದಾರಿಯಲ್ಲಿಯೇ ಆಗಿಹೋಗಿರುತ್ತವೆ.

ಮೊದಲನೆಯ ತೊಡಕು ನಕ್ಷೆಯದು. ಅಮೆರಿಕದ ಭೂಮಾಪನ ಇಲಾಖೆಯ ವಿವರವಾದ ನಕ್ಷೆಗಳು 1:24,000 ಪ್ರಮಾಣದಲ್ಲಿವೆ. ಒಂದು ಮೀಟರು ಅಗಲದ ಸೀಳನ್ನು ಈ ಪ್ರಮಾಣದಲ್ಲಿ ಬರೆದರೆ ಅದು ಕಾಗದದ ಮೇಲೆ ಮಿಲಿಮೀಟರಿನ ಇಪ್ಪತ್ತನಾಲ್ಕನೆಯ ಒಂದು ಪಾಲಾಗುತ್ತದೆ. ಅಚ್ಚಿನ ಗೆರೆಯೇ ಅದಕ್ಕಿಂತ ದಪ್ಪ! ಸಮೋನ್ನತಿ ರೇಖೆಗಳ ನಡುವಣ ಅಂತರವು ಸಾಮಾನ್ಯವಾಗಿ 40 ಅಡಿ, ಎಂದರೆ ಸುಮಾರು 12 ಮೀಟರು. ಅದಕ್ಕಿಂತ ಕಡಿಮೆಯಾದ ಪ್ರಪಾತವು ಎರಡು ರೇಖೆಗಳ ನಡುವೆ ಸದ್ದಿಲ್ಲದೆ ಅಡಗಿ ಕುಳಿತಿರಬಹುದು. ಹತ್ತು ಮೀಟರು ಬಿದ್ದರೆ ಸಾಯಲು ಸಾಕು; ನಕ್ಷೆಗೆ ಅದು ಲೆಕ್ಕಕ್ಕೇ ಇಲ್ಲ. ಉಪಗ್ರಹಗಳ ಸಂಕೇತದಿಂದ ಸ್ಥಳ ತಿಳಿಸುವ ಯಂತ್ರಗಳು ಮೇಲಿನ ಬಯಲಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಸೀಳಿನ ಒಳಗೆ ಆಕಾಶವೇ ಕಾಣದಿರುವಲ್ಲಿ ಅವು ಕುರುಡಾಗುತ್ತವೆ. ಆದುದರಿಂದ ಸರಿಯಾದ ಸೀಳಿನ ಬಾಯಿಗೆ ಬಂದಿದ್ದೇವೆಯೇ ಎಂಬುದನ್ನು ಇಳಿಯುವ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಸಮಾಂತರವಾದ ಸೀಳುಗಳ ಸಾಲಿನಲ್ಲಿ ಒಂದರ ಬಾಯಿ ಇನ್ನೊಂದರಂತೆಯೇ ಇರುತ್ತದೆ. ಮೂವತ್ತು ಮೀಟರಿನ ಇಳಿತಕ್ಕೆಂದು ಹಗ್ಗ ತಂದವರು ಪಕ್ಕದ ಸೀಳಿಗಿಳಿದು, ಹಿಂದಿನ ಹಗ್ಗವನ್ನು ಎಳೆದುಕೊಂಡು, ಅರುವತ್ತು ಮೀಟರಿನ ಅಂಚಿಗೆ ಬಂದು ನಿಂತರೆ ಗತಿಯೇನು?

ಎರಡನೆಯದು ನೀರಿನ ಲೆಕ್ಕ. ಇದನ್ನು ಸ್ವಲ್ಪ ವಿವರವಾಗಿ ಮಾಡಿ ನೋಡೋಣ. ಒಂದು ಸೀಳುಕಣಿವೆಗೆ ಹತ್ತು ಚದರ ಕಿಲೋಮೀಟರು ಜಲಾನಯನ ಪ್ರದೇಶವಿದೆಯೆಂದು ಭಾವಿಸಿರಿ. ಅದರ ಮೇಲೆ ಒಂದೇ ಒಂದು ಸೆಂಟಿಮೀಟರು ಮಳೆ ಬಿದ್ದರೆ ಒಟ್ಟು ನೀರು ಒಂದು ಲಕ್ಷ ಘನಮೀಟರು. ಅಲ್ಲಿ ನೆಲವೆಂಬುದು ಬಹುಭಾಗ ಬೋಳುಬಂಡೆ. ಹೀರಿಕೊಳ್ಳಲು ಮಣ್ಣು ಕಡಿಮೆ. ಅರ್ಧದಷ್ಟು ಹರಿದು ಬಂತೆಂದರೂ 50,000 ಘನಮೀಟರಾಯಿತು. ಇದು ಒಂದು ಗಂಟೆಯಲ್ಲಿ ಹರಿದುಹೋಗಬೇಕಾದರೆ ಸೆಕೆಂಡಿಗೆ ಸುಮಾರು 14 ಘನಮೀಟರು. ಸೀಳಿನ ಅಗಲ ಎರಡು ಮೀಟರು, ನೀರಿನ ವೇಗ ಸೆಕೆಂಡಿಗೆ ಮೂರು ಮೀಟರು ಎಂದಿಟ್ಟುಕೊಂಡರೆ, ನೀರಿನ ಆಳವು 2.3 ಮೀಟರು. ಸೀಳು ಒಂದೇ ಮೀಟರಿಗೆ ಕಿರಿದಾದಲ್ಲಿ ಅದು ನಾಲ್ಕೂವರೆ ಮೀಟರಿನ ಮೇಲಕ್ಕೇರುತ್ತದೆ. ನಮ್ಮ ಮಲೆನಾಡಿನವರು ಒಂದು ಸೆಂಟಿಮೀಟರನ್ನು ಮಳೆಯೆಂದೇ ಎಣಿಸುವುದಿಲ್ಲ. ಅಲ್ಲಿ ಅದು ಮೃತ್ಯುವಾಗಬಲ್ಲದು.

ಆದುದರಿಂದ ದಾರಿಯನ್ನು ಆರಿಸುವಾಗ ಕಣಿವೆಯ ಉದ್ದಕ್ಕಿಂತ ಅದರ ಜಲಾನಯನದ ಹರಹನ್ನು ಮೊದಲು ನೋಡಬೇಕು. ಸಾಧ್ಯವಾದರೆ ಆ ಹರಹು ಕಣ್ಣಿಗೆ ಬೀಳುವ ಎತ್ತರದ ದಿಣ್ಣೆಯ ಮೇಲೆ ಹಾದು ಬರುವ ದಾರಿಯೇ ಉತ್ತಮ. ಬಳಸು ದಾರಿಯಾದರೂ ಚಿಂತೆಯಿಲ್ಲ. ಮೇಲಣ ಮೋಡಗಳನ್ನು ಕಾಣಲು ಅದೇ ಕೊನೆಯ ಅವಕಾಶ. ಆ ಸೀಮೆಯಲ್ಲಿ ಜುಲೈಯಿಂದ ಸೆಪ್ಟೆಂಬರಿನವರೆಗೆ ಮಧ್ಯಾಹ್ನದ ಗುಡುಗುಮಳೆಗಳು ಬರುತ್ತವೆ. 2015ರ ಸೆಪ್ಟೆಂಬರ್ 14ರಂದು ಜೈಯನ್ನಿನ ಕೀಹೋಲ್ ಎಂಬ ಕಣಿವೆಯಲ್ಲಿ ಏಳು ಮಂದಿ ಪ್ರವಾಹಕ್ಕೆ ಸಿಕ್ಕಿ ಸತ್ತರು. ಅದು ಉದ್ದವಾದ ಕಣಿವೆಯೂ ಅಲ್ಲ, ಕಷ್ಟವಾದುದೂ ಅಲ್ಲ; ಕಿರಿದಾದ ಇಳಿತಗಳ ಸಣ್ಣ ಕಣಿವೆ. ದಿಢೀರ್ ಪ್ರವಾಹದ ಸಂಭವವಿದೆಯೆಂದು ಅಂದು ಮುನ್ಸೂಚನೆ ಇತ್ತು. ಆ ಮಧ್ಯಾಹ್ನ ಸಮೀಪದ ವರ್ಜಿನ್ ನದಿಯ ಹರಿವು ಕಾಲು ಗಂಟೆಯಲ್ಲಿ ಸೆಕೆಂಡಿಗೆ ಸುಮಾರು 55 ಘನ ಅಡಿಯಿಂದ 2,600 ಘನ ಅಡಿಗೂ ಮೇಲಕ್ಕೆ ಹಾರಿತು. ಸುಲಭವಾದ ಕಣಿವೆ ಸುರಕ್ಷಿತವಾದ ಕಣಿವೆಯೆಂದು ಎಣಿಸುವುದು ಎಷ್ಟು ತಪ್ಪೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಕಾಲ ಕೆಳಗಿನ ನೆಲ. ಅಲ್ಲಿಯ ಬೋಳುಬಂಡೆಗಳು ಹಳೆಯ ಮರಳುದಿಬ್ಬಗಳೇ ಆದುದರಿಂದ ಅವುಗಳಲ್ಲಿ ಓರೆಯಾದ ಪದರಗಳಿವೆ. ಇಳಿಜಾರು ಈ ಪದರಗಳನ್ನು ಅಡ್ಡವಾಗಿ ಕತ್ತರಿಸಿದಲ್ಲಿ ಸಣ್ಣ ಸಣ್ಣ ಅಂಚುಗಳು ಮೆಟ್ಟಲಿನಂತೆ ಎದ್ದಿರುತ್ತವೆ. ಪದರಕ್ಕೆ ಸಮಾಂತರವಾದಲ್ಲಿ ಬಂಡೆ ಹಲಗೆಯಂತೆ ನುಣುಪು. ಒಂದೇ ಗುಡ್ಡದ ಒಂದು ಪಾರ್ಶ್ವದಲ್ಲಿ ನಿರಾಯಾಸವಾಗಿ ನಡೆಯಬಹುದಾಗಿ, ಇನ್ನೊಂದು ಪಾರ್ಶ್ವದಲ್ಲಿ ನಿಲ್ಲಲೂ ಆಗದಿರುವುದಕ್ಕೆ ಇದೇ ಕಾರಣ. ಜಾರದೆ ನಿಲ್ಲಬಹುದಾದ ಇಳಿಜಾರಿನ ಕೋನದ ಟ್ಯಾಂಜೆಂಟು ಘರ್ಷಣಾಂಕಕ್ಕೆ ಸಮ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಒಣಬಂಡೆಯ ಮೇಲೆ ಒಳ್ಳೆಯ ರಬ್ಬರಿನ ಅಟ್ಟೆಗೆ ಘರ್ಷಣಾಂಕ 0.84 ಎಂದರೆ 40 ಡಿಗ್ರಿಯವರೆಗೆ ನಿಲ್ಲಬಹುದು. ಬಂಡೆಯ ಮೇಲೆ ಉದುರಿದ ಮರಳು ಹರಡಿದ್ದರೆ ಅದು ಗುಂಡಿನ ಬೇರಿಂಗುಗಳಂತೆ ಉರುಳಿ, ಘರ್ಷಣೆಯನ್ನು ಅರ್ಧಕ್ಕೆ ಇಳಿಸಬಹುದು. ಆಗ 23 ಡಿಗ್ರಿಯೂ ಅಪಾಯವೇ.

ನಡುನಡುವೆ ಮಣ್ಣಿರುವಲ್ಲಿ ಕಪ್ಪಗೆ ಹುರುಪಳಿಸಿದಂತೆ ಕಾಣುವ ಪದರವೊಂದುಂಟು. ಅದು ಜೀವಂತವಾದುದು. ನೀಲಿಹಸುರು ಸೂಕ್ಷ್ಮಜೀವಿಗಳ ತಂತುಗಳು, ಕಲ್ಲುಹೂಗಳು ಮತ್ತು ಪಾಚಿಗಳು ಮರಳನ್ನು ಹೆಣೆದು ಮಾಡಿದ ಹೊದಿಕೆ. ಮಣ್ಣು ಗಾಳಿಗೆ ಹಾರದಂತೆಯೂ ಮಳೆಗೆ ಕೊಚ್ಚಿಹೋಗದಂತೆಯೂ ಹಿಡಿಯುವುದು ಅದೇ. ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುದೂ ಅದೇ. ಒಂದು ಹೆಜ್ಜೆಗೆ ಪುಡಿಯಾದ ಹೊದಿಕೆ ಮತ್ತೆ ಕೂಡಿಕೊಳ್ಳಲು ಹಲವು ವರ್ಷಗಳು, ಕೆಲವೊಮ್ಮೆ ದಶಕಗಳೇ ಬೇಕು. ಆದುದರಿಂದ ಬಂಡೆಯ ಮೇಲೋ ಒಣಹಳ್ಳದ ಮರಳಿನಲ್ಲೋ ಕಾಲಿಟ್ಟು ಹೋಗುವ ದಾರಿಯನ್ನೇ ಆರಿಸಬೇಕು, ಅದು ನಾಲ್ಕು ಫರ್ಲಾಂಗು ಹೆಚ್ಚಾದರೂ ಸರಿಯೆ.

ಒರಳುಗುಂಡಿಗಳ ಮಾತನ್ನು ಇಲ್ಲಿಯೇ ಮುಗಿಸಿಬಿಡೋಣ. ಗುಂಡಿ ತುಂಬಿದ್ದರೆ ಈಜಿ ದಾಟಬಹುದು. ಅರ್ಧ ಖಾಲಿಯಾಗಿದ್ದರೆ ಇಳಿದವನಿಗೆ ಕಾಲು ನೆಲಕ್ಕೆ ಎಟಕುವುದಿಲ್ಲ, ಕೈ ಅಂಚಿಗೆ ಎಟಕುವುದಿಲ್ಲ; ಸುತ್ತ ನುಣುಪಾದ ಗೋಡೆ. ನೀರು ಕಡಿಮೆಯಾದಷ್ಟೂ ಅಪಾಯ ಹೆಚ್ಚು! ಇದಕ್ಕೆ ಚಳಿಯೂ ಸೇರುತ್ತದೆ. ಮೇಲೆ 40 ಡಿಗ್ರಿ ಸೆಲ್ಸಿಯಸ್ ಬಿಸಿಲಿರುವ ದಿನದಲ್ಲಿಯೂ ಬಿಸಿಲು ಕಾಣದ ಗುಂಡಿಯ ನೀರು ಮೈ ಕೊರೆಯುವಷ್ಟು ತಣ್ಣಗಿರುವುದುಂಟು. ನೀರು ಗಾಳಿಗಿಂತ ಸುಮಾರು 25 ಪಾಲು ಹೆಚ್ಚು ಶಾಖವಾಹಕ. ತೊಯ್ದ ಮೈಯ ಕಾವು ಬೇಗನೆ ಇಳಿದು, ಮೊದಲು ಬೆರಳುಗಳೂ ಬಳಿಕ ಬುದ್ಧಿಯೂ ಮಂದವಾಗುತ್ತವೆ. ಗಂಟು ಹಾಕುವ ಕೆಲಸಕ್ಕೆ ಎರಡೂ ಬೇಕಾದವು.

ಹಗ್ಗವನ್ನು ಯಾವುದಕ್ಕೆ ಕಟ್ಟುವುದು?

ಹಗ್ಗ ಕಟ್ಟುವ ಆಧಾರವನ್ನು ಹಡಗಿನ ಭಾಷೆಯಿಂದ ಎರವಲು ಪಡೆದು ಲಂಗರು ಎನ್ನುತ್ತಾರೆ. ಮರ, ಬಂಡೆ, ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ ಗುಂಡು ಇವು ಪ್ರಕೃತಿಯೇ ಕೊಟ್ಟ ಲಂಗರುಗಳು. ಕಲ್ಲಿನಲ್ಲಿ ಕೊರೆದು ಕೂಡಿಸಿದ ಉಕ್ಕಿನ ಬೋಲ್ಟು ಸ್ಥಿರ ಲಂಗರು. ಬೋಲ್ಟೇ ಎಲ್ಲಕ್ಕಿಂತ ಭದ್ರವೆಂದು ಮೊದಲ ನೋಟಕ್ಕೆ ತೋರುವುದು ಸಹಜ. ನಮ್ಮ ಅಭಿಪ್ರಾಯದಲ್ಲಿ ಇದು ಯಾವಾಗಲೂ ನಿಜವಲ್ಲ.

ಮರವನ್ನು ನೋಡಿ. ಜೈಯನ್ನಿನ ಅಂಚುಗಳಲ್ಲಿ ಪಾಂಡರೋಸ ಎಂಬ ಪೈನ್ ಮರಗಳು ಬೆಳೆಯುತ್ತವೆ. ಬೇರು ಬಂಡೆಯ ಬಿರುಕಿನೊಳಗೆ ಇಳಿದಿರುವ, ಜೀವಂತವಾದ, ತೊಡೆಗಿಂತ ದಪ್ಪನಾದ ಮರವು ಹತ್ತು ಮಂದಿಯ ಭಾರವನ್ನಾದರೂ ತಡೆದೀತು. ಅದೇ ಗಾತ್ರದ ಮರ ಬರಿಯ ಮರಳಿನ ಮೇಲೆ ಬೇರು ಚಾಚಿದ್ದರೆ ನಂಬತಕ್ಕದ್ದಲ್ಲ. ಹಗ್ಗವನ್ನು ಬುಡಕ್ಕೆ ಕಟ್ಟಬೇಕು. ಎತ್ತರಕ್ಕೆ ಕಟ್ಟಿದರೆ ಕಾಂಡವೇ ಸನ್ನೆಗೋಲಾಗಿ ಬೇರನ್ನು ಮೀಟುತ್ತದೆ. ಮರಕ್ಕೆ ನೇರವಾಗಿ ಹಗ್ಗ ಸುತ್ತಿ ಕೆಳಗಿನಿಂದ ಎಳೆದರೆ ತೊಗಟೆ ಸವೆದು, ಕೆಲವು ವರ್ಷಗಳಲ್ಲಿ ಮರವೇ ಸಾಯುತ್ತದೆ. ಆದುದರಿಂದ ಮರದ ಸುತ್ತ ನೈಲಾನಿನ ಅಗಲವಾದ ಪಟ್ಟಿಯನ್ನು ಕಟ್ಟಿ, ಅದಕ್ಕೆ ಉಕ್ಕಿನ ಬಳೆಯೊಂದನ್ನು ತೊಡಿಸಿ, ಆ ಬಳೆಯ ಮೂಲಕ ಹಗ್ಗವನ್ನು ಹಾಯಿಸುವುದು ಪದ್ಧತಿ. ಬಳೆಗೆ ಇನ್ನೊಂದು ಕಾರಣವೂ ಉಂಟು. ನೈಲಾನು ನೈಲಾನಿನ ಮೇಲೆ ಜಾರಿದರೆ ಹುಟ್ಟುವ ಶಾಖವು ಒಂದೇ ಬಿಂದುವಿನಲ್ಲಿ ಶೇಖರವಾಗಿ, ಪಟ್ಟಿ ಕರಗಿ ತುಂಡಾಗುತ್ತದೆ. ಅದರ ಕರಗುವ ಬಿಂದು ಜಾತಿಗೆ ತಕ್ಕಂತೆ 220ರಿಂದ 265 ಡಿಗ್ರಿಯಷ್ಟೇ. ಹಿಂದೆ ಬಂದವರು ಬಿಟ್ಟುಹೋದ ಪಟ್ಟಿಯನ್ನು ಕಂಡಾಗ ಇದನ್ನು ನೆನೆಯಬೇಕು. ಬಿಸಿಲಿನ ಅತಿನೇರಳೆ ಕಿರಣಗಳು ನೈಲಾನನ್ನು ಒಳಗಿಂದೊಳಗೆ ಬಲಗೆಡಿಸುತ್ತವೆ. ಬಣ್ಣ ಮಾಸಿ, ಮುಟ್ಟಿದರೆ ರಟ್ಟಿನಂತೆ ಗಡುಸಾದ ಪಟ್ಟಿಯನ್ನು ಕತ್ತರಿಸಿ ಹೊರಕ್ಕೆ ಒಯ್ಯುವುದೇ ವಿವೇಕ.

ಗೋಡೆಗಳ ನಡುವೆ ಸಿಕ್ಕಿಕೊಂಡ ಗುಂಡು ಬೆಣೆಯಂತೆ ಕೆಲಸ ಮಾಡುತ್ತದೆ. ಕಿರಿದಾಗುವ ದಿಕ್ಕಿಗೆ ಎಳೆದಷ್ಟೂ ಬಿಗಿಯುತ್ತದೆ, ಬೇರೆ ದಿಕ್ಕಿಗೆ ಎಳೆದರೆ ಕಳಚುತ್ತದೆ. ಅದನ್ನು ಅಲ್ಲಿ ಸಿಕ್ಕಿಸಿದುದು ಹಿಂದಿನ ಪ್ರವಾಹ. ಎಷ್ಟು ಬಿಗಿಯಾಗಿ ಎಂಬುದು ನೋಟಕ್ಕೆ ತಿಳಿಯುವುದಿಲ್ಲ. 2003ರ ಏಪ್ರಿಲ್ 26ರಂದು ಯೂಟಾದ ಬ್ಲೂಜಾನ್ ಕಣಿವೆಯಲ್ಲಿ ಆರನ್ ರಾಲ್ಸ್ಟನ್ ಎಂಬ ತರುಣನು ಇಂತಹ ಗುಂಡೊಂದನ್ನು ದಾಟುತ್ತಿದ್ದಾಗ ಅದು ಹೊರಳಿ, ಅವನ ಬಲಗೈ ಗೋಡೆಗೆ ಸಿಕ್ಕಿಕೊಂಡಿತು. ಗುಂಡಿನ ತೂಕವನ್ನು ಸುಮಾರು 360 ಕಿಲೋಗ್ರಾಮೆಂದು ಅಂದಾಜು ಮಾಡಿದ್ದಾರೆ. ಆರನೆಯ ದಿನ ತನ್ನ ಮುಂಗೈಯನ್ನು ತಾನೇ ಕತ್ತರಿಸಿಕೊಂಡು ಅವನು ಹೊರಬಂದ ಸಂಗತಿ ಜಗತ್ತಿಗೆಲ್ಲ ತಿಳಿದಿದೆ. ಎಲ್ಲಿಗೆ ಹೋಗುವೆನೆಂದು ಅವನು ಯಾರಿಗೂ ಹೇಳಿಹೋಗಿರಲಿಲ್ಲವೆಂಬುದು ಅಷ್ಟಾಗಿ ನೆನಪಿಲ್ಲದ ಭಾಗ.

ಮರವೂ ಇಲ್ಲ, ಗುಂಡೂ ಇಲ್ಲ ಎಂದಾಗ ಕಲ್ಲುಗಳನ್ನು ರಾಶಿ ಹಾಕಿ, ಬುಡದ ಕಲ್ಲಿಗೆ ಪಟ್ಟಿ ಸುತ್ತಿ ಅದನ್ನೇ ಲಂಗರು ಮಾಡುವುದುಂಟು. ಬರಿಯ ಕಲ್ಲಿನ ರಾಶಿ ಮನುಷ್ಯನನ್ನು ಹಿಡಿದೀತೆ? ಲೆಕ್ಕ ಹಾಕೋಣ. ಸಾಮಾನಿನೊಡನೆ 100 ಕಿಲೋಗ್ರಾಂ ತೂಗುವ ಒಬ್ಬನು ಅಂಚಿನಾಚೆ ತೂಗಾಡುತ್ತಿದ್ದಾನೆ. ಹಗ್ಗ ಅಂಚಿನ ಮೇಲೆ ಕಾಲು ಸುತ್ತು, ಎಂದರೆ 90 ಡಿಗ್ರಿ ಬಾಗಿದೆ. ಬಾಗಿದ ಹಗ್ಗದ ಘರ್ಷಣೆಯನ್ನು ಕುರಿತು ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರನ ಹೆಸರಿನಲ್ಲಿ ಒಂದು ಸೂತ್ರವಿದೆ. ಅದರಂತೆ ಘರ್ಷಣಾಂಕ 0.3 ಆದರೆ ಅಂಚಿನ ಈಚೆಗೆ ತಲಪುವ ಸೆಳೆತ 62 ಕಿಲೋಗ್ರಾಮಿನ ಭಾರದಷ್ಟು ಮಾತ್ರ. ಮಿಕ್ಕುದನ್ನು ಅಂಚಿನ ಬಂಡೆಯೇ ಹೊತ್ತಿತು. ಕಲ್ಲಿಗೂ ಕಲ್ಲಿಗೂ ಘರ್ಷಣಾಂಕ 0.6 ಎಂದು ಹಿಡಿದರೆ, ಮಟ್ಟಸವಾದ ನೆಲದ ಮೇಲೆ ರಾಶಿಯ ತೂಕ ಸುಮಾರು 103 ಕಿಲೋಗ್ರಾಂ ಇದ್ದರೆ ಅದು ಜಾರದು. ಆದರೆ ನೆಲವು ಅಂಚಿನ ಕಡೆಗೆ ಕೇವಲ ಹತ್ತು ಡಿಗ್ರಿ ಓರೆಯಾಗಿದ್ದರೆ 149 ಕಿಲೋಗ್ರಾಂ ಬೇಕು. ಇಳಿಯುವವನು ಹಗ್ಗದ ಮೇಲೆ ಒಮ್ಮೆಲೇ ಕುಕ್ಕರಿಸಿದರೆ ಭಾರವು ಕ್ಷಣಕಾಲ ಇಮ್ಮಡಿಯಾಗಬಹುದಾದುದರಿಂದ ಇದರ ಎರಡು ಪಾಲಾದರೂ ರಾಶಿ ಹಾಕಬೇಕು. ಅದೇ ಕಾರಣದಿಂದ, ಅಂಚಿನಿಂದ ಮೆಲ್ಲನೆ ಜಾರಿ ಭಾರ ಹಾಕುವವನು ಲಂಗರಿಗೆ ಉಪಕಾರ ಮಾಡುತ್ತಾನೆ; ಸಿನಿಮಾದವರಂತೆ ನೆಗೆಯುತ್ತ ಇಳಿಯುವವನು ಅಪಕಾರ ಮಾಡುತ್ತಾನೆ.

ಆಯ್ಲರನ ಸೂತ್ರದಲ್ಲಿ ಘರ್ಷಣೆಯು ಸುತ್ತಿನೊಡನೆ ಗುಣಿಸುತ್ತ ಹೋಗುವುದೇ ಚಮತ್ಕಾರ. ಅದೇ 0.3ರ ಘರ್ಷಣಾಂಕಕ್ಕೆ ಅರ್ಧ ಸುತ್ತಿನಲ್ಲಿ ಸೆಳೆತಗಳ ಪ್ರಮಾಣ 2.6, ಒಂದು ಸುತ್ತಿಗೆ 6.6, ಎರಡಕ್ಕೆ 43, ಮೂರಕ್ಕೆ 280ಕ್ಕೂ ಮೇಲು. ದೋಣಿಯ ಹಗ್ಗವನ್ನು ಕಂಬಕ್ಕೆ ಮೂರು ಸುತ್ತು ಹಾಕಿ ಬೆರಳಿನಲ್ಲಿ ಹಿಡಿಯುವ ಅಂಬಿಗರಿಗೆ ಇದು ಸೂತ್ರವಿಲ್ಲದೆಯೇ ಗೊತ್ತು. ಆದರೆ ಕಾಯುವ ಘರ್ಷಣೆಯೇ ಬಳಿಕ ಕಾಡುತ್ತದೆ. ಕೆಳಗಿಳಿದ ಮೇಲೆ ಹಗ್ಗವನ್ನು ಎಳೆಯಬೇಕಷ್ಟೆ. ಲಂಗರು ಅಂಚಿನಿಂದ ಬಹು ಹಿಂದಿದ್ದು, ಹಗ್ಗ ಎರಡು ಮೂರು ಕಡೆ ಬಾಗಿದ್ದರೆ ಎಷ್ಟು ಮಂದಿ ಜಗ್ಗಿದರೂ ಅದು ಬಾರದು. ಸಾಲದುದಕ್ಕೆ, ಎಳೆಯುವ ಹಗ್ಗವು ಗರಗಸದಂತೆ ಮೆತುಗಲ್ಲನ್ನು ಕೊಯ್ಯುತ್ತದೆ. ಹೆಚ್ಚು ಜನ ಇಳಿಯುವ ಕಣಿವೆಗಳ ಅಂಚುಗಳಲ್ಲಿ ಹೀಗೆ ಕೊರೆದ ಗೀರುಗಳು ಬೆರಳಿನಾಳಕ್ಕೂ ಮೀರಿ ಬಿದ್ದಿವೆ. ಮುಂದೆ ಬಂದವರ ಹಗ್ಗ ಅವೇ ಗೀರುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಲಂಗರಿನ ಪಟ್ಟಿಯನ್ನೇ ಉದ್ದ ಮಾಡಿ, ಬಳೆಯು ಅಂಚನ್ನು ದಾಟಿ ನೇತಾಡುವಂತೆ ಕಟ್ಟಿದರೆ ಕಲ್ಲೂ ಉಳಿಯುತ್ತದೆ, ಹಗ್ಗವೂ ಸರಾಗವಾಗಿ ಬರುತ್ತದೆ. ಹೊರಡುವ ಮೊದಲು ಮೊದಲಿಳಿದವನು ಕೆಳಗಿನಿಂದ ಒಂದಿಷ್ಟು ಎಳೆದು ನೋಡುವುದು ಒಳ್ಳೆಯ ವಾಡಿಕೆ.

ಎರಡು ಬಿಂದುಗಳಿಗೆ ಹಂಚಿ ಕಟ್ಟುವಾಗ ಕೋನವನ್ನು ಮರೆಯಬಾರದು. ಬಲಗಳ ಸಮಾಂತರ ಚತುರ್ಭುಜ ನಿಯಮವನ್ನು ಅನ್ವಯಿಸಿರಿ. 75 ಕಿಲೋಗ್ರಾಂ ಭಾರವನ್ನು ಎರಡು ಎಳೆಗಳು ಒಂದರ ಪಕ್ಕದಲ್ಲೊಂದು ಹೊತ್ತರೆ ಒಂದೊಂದಕ್ಕೆ 37.5. ನಡುವಣ ಕೋನ 60 ಡಿಗ್ರಿಯಾದರೆ 43, 90ಕ್ಕೆ 53, 120ಕ್ಕೆ ಪೂರ್ತಿ 75, ಎಂದರೆ ಹಂಚಿದ್ದರಿಂದ ಏನೂ ಲಾಭವಿಲ್ಲ. 150ಕ್ಕೆ 145. 170 ಡಿಗ್ರಿಯಲ್ಲಿ 430 ಕಿಲೋಗ್ರಾಂ! ಬಟ್ಟೆ ಒಣಹಾಕುವ ತಂತಿಯನ್ನು ಬಿಗಿಯಾಗಿ ಕಟ್ಟಿದರೆ ಒಂದೇ ಒದ್ದೆ ಪಂಚೆಗೆ ಗೋಡೆಯ ಮೊಳೆ ಕಿತ್ತುಬರುವುದು ಇದರಿಂದಲೇ. ಅರುವತ್ತು ಡಿಗ್ರಿಯೊಳಗೆ ಇರಿಸಿಕೊಂಡರೆ ಭಯವಿಲ್ಲ.

ಬೋಲ್ಟಿನ ವಿಚಾರ

ಇನ್ನು ಉಕ್ಕಿನ ಬೋಲ್ಟು. ಸಾಮಾನ್ಯ ಬೋಲ್ಟಿನ ತುದಿ ರಂಧ್ರದೊಳಗೆ ಅರಳಿ, ಕಲ್ಲನ್ನು ಒತ್ತಿ ಹಿಡಿಯುತ್ತದೆ. ಕಣಶಿಲೆಯಲ್ಲಿ ಇದು ಬಹಳ ಭದ್ರ. ಮೆತು ಮರಳುಗಲ್ಲಿನಲ್ಲಿ ಆ ಒತ್ತಡವೇ ಕಣಗಳ ಅಂಟನ್ನು ಬಿಡಿಸುತ್ತದೆ. ಸಾವಿರ ಮಂದಿ ಇಳಿಯುತ್ತ ಅತ್ತಿತ್ತ ಅಲುಗಾಡಿಸಿದ ಮೇಲೆ ರಂಧ್ರ ಅಗಲವಾಗಿ ಬೋಲ್ಟು ಸಡಿಲವಾಗುತ್ತದೆ. ಆದುದರಿಂದ ಇಲ್ಲಿ ಉದ್ದವಾದ, ಸುಮಾರು 12 ಮಿಲಿಮೀಟರು ದಪ್ಪದ ತುಕ್ಕುಹಿಡಿಯದ ಉಕ್ಕನ್ನು ಹತ್ತರಿಂದ ಹದಿನೈದು ಸೆಂಟಿಮೀಟರು ಆಳಕ್ಕೆ ಇಳಿಸಿ, ರಾಳದ ಅಂಟಿನಿಂದ ಕೂಡಿಸುವುದನ್ನು ಬಲ್ಲವರು ಮೆಚ್ಚುತ್ತಾರೆ. ಭಾರವು ರಂಧ್ರದ ಉದ್ದಕ್ಕೂ ಹಂಚಿಹೋಗುತ್ತದೆ. ನೀರು ಒಳಕ್ಕೆ ಇಳಿಯುವುದೂ ತಪ್ಪುತ್ತದೆ. ನೀರು ಇಲ್ಲಿ ದೊಡ್ಡ ಶತ್ರು. ತೊಯ್ದ ಮರಳುಗಲ್ಲು ತನ್ನ ಬಲವನ್ನು ಗಣನೀಯವಾಗಿ ಕಳೆದುಕೊಳ್ಳುತ್ತದೆ. ಕೆಲವು ಜಾತಿಯವು ಅರ್ಧಕ್ಕೂ ಹೆಚ್ಚಾಗಿ. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವ ದಿನಗಟ್ಟಲೆ ನಿಂತಿರಬಹುದು.

ಎಲ್ಲಿ ಕೂಡಿಸಬೇಕೆಂಬುದು ಹೇಗೆ ಕೂಡಿಸಬೇಕೆಂಬುದಕ್ಕಿಂತ ಕಠಿಣವಾದ ಪ್ರಶ್ನೆ. ಪ್ರವಾಹದ ದಾರಿಯಲ್ಲಿದ್ದರೆ ತೇಲಿಬರುವ ಮರದ ದಿಮ್ಮಿಯೂ ಗುಂಡುಗಳೂ ಬೋಲ್ಟನ್ನು ಮಣಿಸಿ ಕತ್ತರಿಸುತ್ತವೆ. ಬಡಿದು ನೋಡಿದರೆ ಟೊಳ್ಳು ಸದ್ದು ಬರುವ ಹಲ್ಲೆಯ ಮೇಲೆ ಕೂಡಿಸಲಾಗದು. ಮಿಗಿಲಾಗಿ, ಕಣಿವೆಯ ತಳವೇ ಸ್ಥಿರವಲ್ಲ. ಒಂದು ಪ್ರವಾಹವು ತಳದ ಮರಳನ್ನು ನಾಲ್ಕಾರು ಮೀಟರು ತೋಡಿಹಾಕಿದರೆ, ನಿನ್ನೆ ಎದೆಮಟ್ಟದಲ್ಲಿದ್ದ ಬೋಲ್ಟು ಇಂದು ಕೈಗೆಟಕದಂತೆ ಮೇಲೆ ನೇತಾಡುತ್ತದೆ. ಮುಂದಿನ ಪ್ರವಾಹ ಮರಳು ತುಂಬಿದರೆ ಹೂತುಹೋಗುತ್ತದೆ. ಬದಲಾಗುವ ಕಣಿವೆಯಲ್ಲಿ ಬದಲಾಗದ ಲಂಗರನ್ನು ನೆಡುವ ಪ್ರಯತ್ನದ ತೊಡಕು ಇದು. ಪುಸ್ತಕದಲ್ಲಿ ಬೋಲ್ಟಿದೆಯೆಂದು ಓದಿಕೊಂಡು ಬೇರೇನನ್ನೂ ತರದೆ ಹೋಗುವವರು ಇದನ್ನು ಚಿಂತಿಸಬೇಕು.

ಕಾನೂನೂ ಈ ವಿಷಯದಲ್ಲಿ ತಲೆಹಾಕಿದೆ. ಅಮೆರಿಕದ 1964ರ ಅರಣ್ಯಶುದ್ಧತೆಯ ಶಾಸನದಂತೆ, ಕಾಡನ್ನು ಕಾಡಾಗಿಯೇ ಉಳಿಸಬೇಕೆಂದು ಗೊತ್ತುಮಾಡಿದ ಪ್ರದೇಶಗಳಲ್ಲಿ ಯಂತ್ರಚಾಲಿತ ಉಪಕರಣಗಳನ್ನು ಬಳಸಕೂಡದು. ಜೈಯನ್ನಿನ ಬಹುಭಾಗ 2009ರಲ್ಲಿ ಈ ವರ್ಗಕ್ಕೆ ಸೇರಿತು. ಅಲ್ಲಿ ಬೋಲ್ಟು ಕೂಡಿಸುವವನು ವಿದ್ಯುತ್ ಬೈರಿಗೆಯನ್ನು ಬಿಟ್ಟು, ಸುತ್ತಿಗೆಯಿಂದ ಕೈಯಲ್ಲೇ ರಂಧ್ರ ಕೊರೆಯಬೇಕು. ಬೋಲ್ಟನ್ನೇ ಅಲ್ಲಿ ಬಿಡಬಹುದೇ ಎಂಬ ವಿವಾದವೂ ಎದ್ದಿತು. 2023ರಲ್ಲಿ ಉದ್ಯಾನ ಇಲಾಖೆಯವರು ಅದನ್ನು ನಿಷಿದ್ಧ ಕಟ್ಟಡಗಳ ಸಾಲಿಗೆ ಸೇರಿಸುವ ಕರಡು ನಿಯಮವನ್ನು ಪ್ರಕಟಿಸಿದರು. ಆರೋಹಿಗಳು ಬಲವಾಗಿ ವಿರೋಧಿಸಿದರು. 2025ರ ಜನವರಿಯಲ್ಲಿ ಜಾರಿಗೆ ಬಂದ ಶಾಸನವೊಂದು ಸ್ಥಿರ ಲಂಗರುಗಳನ್ನು ಅಂತಹ ಪ್ರದೇಶಗಳಲ್ಲಿ ಸಲ್ಲತಕ್ಕವೆಂದು ಒಪ್ಪಿತು. ಕ್ರೀಡೆಗಾರರಲ್ಲಿಯೇ ಎರಡು ಪಕ್ಷಗಳಿವೆ. ಹುಡುಕಿದರೆ ಪ್ರಕೃತಿಯೇ ಲಂಗರು ಕೊಡುವಾಗ ಉಕ್ಕೇಕೆ ಎಂದು ಒಂದು ಪಕ್ಷ; ಪಟ್ಟಿಗಳ ಕಂತೆ ಕಟ್ಟಿ ಮರಗಳನ್ನು ಕೊಲ್ಲುವುದಕ್ಕಿಂತ ಅಂಚಿನಲ್ಲಿ ಎರಡು ಬೋಲ್ಟು ವಾಸಿಯೆಂದು ಇನ್ನೊಂದು. ಜನ ಹೆಚ್ಚಾಗಿ ಬರುವ ಕಣಿವೆಗಳಲ್ಲಿ ಎರಡನೆಯ ಪಕ್ಷದ ವಾದವೂ, ದೂರದ ಕಣಿವೆಗಳಲ್ಲಿ ಮೊದಲನೆಯದೂ ಸರಿಯೆಂದು ನಮಗೆ ತೋರುತ್ತದೆ. ಆಂಟಿಲೋಪ್ ಕಣಿವೆಯಲ್ಲಿ 1997ರ ದುರಂತದ ತರುವಾಯ ಗೋಡೆಗೆ ಬೋಲ್ಟು ಹಾಕಿ ಬಿಗಿದ ಏಣಿಗಳನ್ನು ಯಾರೂ ಆಕ್ಷೇಪಿಸಲಾರರು.

ಅನುಭವಿಗಳು ದುರ್ಬಲವೆಂದು ಶಂಕಿಸುವ ಲಂಗರಿನಿಂದ ಇಳಿಯಲೇಬೇಕಾದಾಗ ಅನುಸರಿಸುವ ಕ್ರಮ ಹೀಗಿದೆ. ಎಲ್ಲರಿಗಿಂತ ಭಾರವಾದವನು ಮೊದಲು ಇಳಿಯುತ್ತಾನೆ. ಶಂಕಿತ ಲಂಗರಿನ ಹಿಂದೆ ಇನ್ನೊಂದು ಭದ್ರವಾದ ಆಧಾರವನ್ನು ಕಟ್ಟಿರುತ್ತಾರೆ. ಭದ್ರವಾದುದೇನೂ ಸಿಗದಿದ್ದರೆ ಇಬ್ಬರು ಮೂವರು ತಾವೇ ಬಂಡೆಯ ಹಿಂದೆ ಕಾಲು ಊರಿ ಕುಳಿತು ಆಧಾರವಾಗುತ್ತಾರೆ. ಆ ಎರಡನೆಯ ಕಟ್ಟನ್ನು ಸ್ವಲ್ಪ ಸಡಿಲವಾಗಿ ಬಿಡುವುದೇ ಇದರ ಗುಟ್ಟು: ಭಾರವೆಲ್ಲ ಶಂಕಿತ ಲಂಗರಿನ ಮೇಲೆಯೇ ಬಿದ್ದು ಅದರ ಪರೀಕ್ಷೆಯಾಗಬೇಕು, ಅದು ಸೋತರೆ ಮಾತ್ರ ಹಿಂದಿನದು ಹಿಡಿಯಬೇಕು. ಒಬ್ಬೊಬ್ಬರೂ ಇಳಿಯುವಾಗ ಮೇಲಿರುವವರು ಕಲ್ಲುಗಳು ಕದಲಿದವೇ, ಪಟ್ಟಿ ಜಾರಿತೇ ಎಂದು ಕಣ್ಣಿಟ್ಟು ನೋಡುತ್ತಿರುತ್ತಾರೆ. ಎಲ್ಲರಿಗಿಂತ ಹಗುರಾದವರು ಕೊನೆಗೆ ಉಳಿಯುತ್ತಾರೆ. ಅವರು ಹಿಂದಿನ ಕಟ್ಟನ್ನು ಬಿಚ್ಚಿ, ತಮಗಿಂತ ಭಾರವಾದವರನ್ನೆಲ್ಲ ಹೊತ್ತುದೆಂದು ಈಗಾಗಲೇ ತೋರಿಸಿಕೊಟ್ಟ ಆ ಕಲ್ಲಿನ ರಾಶಿಯನ್ನು ನಂಬಿ, ಕುಲುಕದೆ, ಮೆಲ್ಲನೆ ಅಂಚಿನಾಚೆ ಜಾರುತ್ತಾರೆ. ಅವರ ಕಾಲು ನೆಲ ಮುಟ್ಟಿದ ಮೇಲೆ ಹಗ್ಗವನ್ನು ಎಳೆದುಕೊಳ್ಳುತ್ತಾರೆ.